ಮಿಷಿಗನ್ ತೀರದಲ್ಲಿ ಒಂದು ಸೋರುವ ಮನೆ

ಅಮೆರಿಕದ ಇಂಡಿಯಾನಾ ರಾಜ್ಯದ ಉತ್ತರದ ಅಂಚಿನಲ್ಲಿ, ಸೇಂಟ್ ಜೋಸೆಫ್ ನದಿಗೆ ಎಲ್ಖಾರ್ಟ್ ನದಿ ಬಂದು ಸೇರುವಲ್ಲಿ, ಎಲ್ಖಾರ್ಟ್ ಎಂಬ ಪಟ್ಟಣವೊಂದುಂಟು. ನೋಡಲು ಅಂಥ ವಿಶೇಷವೇನೂ ಇಲ್ಲದ ಊರು. ಒಂದು ಕಾಲದಲ್ಲಿ ಬ್ಯಾಂಡ್ ವಾದ್ಯಗಳ ತಯಾರಿಗೆ ಹೆಸರು ಮಾಡಿತ್ತು. ನೀರಿಗೆ ಹಾಕಿದರೆ ಬುಸುಗುಟ್ಟುವ ಅಲ್ಕಾ-ಸೆಲ್ಟ್ಜರ್ ಎಂಬ ಮಾತ್ರೆ 1931ರಲ್ಲಿ ಹುಟ್ಟಿದ್ದೂ ಇಲ್ಲಿಯೇ. ಈಗ ಈ ಊರಿನ ಕೀರ್ತಿ ಬೇರೆ. ಇಲ್ಲಿ ಮನೆಗಳನ್ನು ಕಟ್ಟುತ್ತಾರೆ, ಆದರೆ ಆ ಮನೆಗಳಿಗೆ ಪಂಚಾಂಗವಿಲ್ಲ, ಚಕ್ರಗಳಿವೆ.

ರಿಕ್ರಿಯೇಷನಲ್ ವೆಹಿಕಲ್ ಎಂದು ಅವುಗಳ ಹೆಸರು; ಬಾಯಿಮಾತಿನಲ್ಲಿ ಎಲ್ಲರೂ ಆರ್‌ವಿ ಎನ್ನುತ್ತಾರೆ. ನಮ್ಮ ಓದುಗರು ಸಿನಿಮಾಗಳಲ್ಲಿ ಕಂಡಿರಬಹುದು: ಬಸ್ಸಿನಂಥ ಗಾಡಿಯೊಳಗೆ ಹಾಸಿಗೆ, ಒಲೆ, ಫ್ರಿಜ್, ಊಟದ ಮೇಜು, ಕಕ್ಕಸು, ಸ್ನಾನದ ಮೂಲೆ ಎಲ್ಲವೂ ಇರುತ್ತದೆ. ಅಮೆರಿಕದಲ್ಲಿ ತಯಾರಾಗುವ ಇಂಥ ವಾಹನಗಳಲ್ಲಿ ಬಹುಪಾಲು ಎಲ್ಖಾರ್ಟ್ ಮತ್ತು ಅದರ ಸುತ್ತಲಿನ ಸಣ್ಣ ಊರುಗಳ ಕಾರ್ಖಾನೆಗಳಿಂದಲೇ ಹೊರಬರುತ್ತವೆ. ದೇಶಕ್ಕೆ ಶೀತವಾದರೆ ಈ ಊರಿಗೆ ಜ್ವರ. 2009ರ ಆರ್ಥಿಕ ಕುಸಿತದಲ್ಲಿ ಇಲ್ಲಿ ಐವರಲ್ಲಿ ಹೆಚ್ಚುಕಡಿಮೆ ಒಬ್ಬನಿಗೆ ಕೆಲಸವಿರಲಿಲ್ಲ. ಕೋವಿಡ್ ಬಂದು ಜನ ವಿಮಾನಕ್ಕೂ ಹೋಟೆಲಿಗೂ ಹೆದರಿದಾಗ ಅದೇ ಊರಿನ ಅದೃಷ್ಟ ಖುಲಾಯಿಸಿತು. 2021ರಲ್ಲಿ ದೇಶದ ಕಾರ್ಖಾನೆಗಳಿಂದ ಹೊರಬಿದ್ದ ಆರ್‌ವಿಗಳು 6 ಲಕ್ಷ. ಅಷ್ಟು ಹಿಂದೆಂದೂ ಆಗಿರಲಿಲ್ಲ.

ಊರಿನ ಹೊರಗೆ, ಹೆದ್ದಾರಿಯ ಪಕ್ಕದಲ್ಲಿ, ಈ ಗಾಡಿಗಳದ್ದೇ ಒಂದು ವಸ್ತುಸಂಗ್ರಹಾಲಯವಿದೆ. 1913ರ ಒಂದು ಪುಟ್ಟ ಟ್ರೈಲರ್, ನಟಿ ಮೇ ವೆಸ್ಟ್‌ಗೆ ಸಿನಿಮಾ ಕಂಪೆನಿ ಕೊಟ್ಟ 1931ರ ಷೆವ್ರೊಲೆ ಮನೆಗಾಡಿ ಅಲ್ಲಿವೆ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಸಂಜೆಯ ರಸ್ತೆಯ ನೋಟ. ಈ ಕಾರ್ಖಾನೆಗಳ ಕೆಲಸಗಾರರಲ್ಲಿ ಅನೇಕರು ಆಮಿಷ್ ಪಂಗಡದವರು. ಮೋಟಾರು ವಾಹನ ಇಟ್ಟುಕೊಳ್ಳುವುದು ಅವರ ಕಟ್ಟಳೆಗೆ ವಿರುದ್ಧ. ಹಗಲೆಲ್ಲ ದೇಶ ಸುತ್ತುವ ಮೋಟಾರು ಮನೆಗಳನ್ನು ಕಟ್ಟಿ, ಸಂಜೆ ಸೈಕಲ್ಲಿನಲ್ಲೋ ಕುದುರೆಗಾಡಿಯಲ್ಲೋ ಮನೆಗೆ ಹೋಗುತ್ತಾರೆ.

2024ರ ಬೇಸಿಗೆಯಲ್ಲಿ ಎರಡು ತಿಂಗಳು ಆ ಕಡೆಯ ಒಂದು ಧರ್ಮಕೇಂದ್ರದಲ್ಲಿ ರಜೆಯ ಮೇಲೆ ಹೋದ ಗುರುಗಳ ಬದಲಿಗೆ ನಾನಿದ್ದೆ. ಅಲ್ಲಿ ಪರಿಚಯವಾದ ಹಿರಿಯ ದಂಪತಿ, ನನ್ನ ಕೆಲಸ ಮುಗಿದು ಊರಿಗೆ ಮರಳುವ ಮೊದಲು, 12 ದಿನ ತಮ್ಮೊಂದಿಗೆ ಮಿಷಿಗನ್ ಸರೋವರದ ದಂಡೆಯುದ್ದಕ್ಕೂ ಬರಬೇಕೆಂದು ಕರೆದರು. ಗಂಡ ಇಂಥದೇ ಕಾರ್ಖಾನೆಯೊಂದರಲ್ಲಿ ಕಪಾಟು, ಬೀರು ಕೂರಿಸುವ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಆರಡಿ ಎತ್ತರ, 120 ಕಿಲೋಗೆ ಕಡಿಮೆಯಿಲ್ಲದ ದೇಹ, ದೊಡ್ಡ ನಗು. ಹೆಂಡತಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದವರು. ಗುಬ್ಬಚ್ಚಿಯಂಥ ಜೀವ, 50 ಕಿಲೋ ತೂಗಿಯಾರು. ಈ ತೂಕದ ಲೆಕ್ಕ ಯಾಕೆಂದು ಮುಂದೆ ತಿಳಿಯುತ್ತದೆ.

2021ರಲ್ಲಿ ಅವರು ತಮ್ಮ ಮನೆಯನ್ನು ಮಾರಿದ್ದರು. ಬಂದ ಹಣದಲ್ಲಿ ಸ್ವಲ್ಪ ಮಕ್ಕಳಿಗೆ, ಸ್ವಲ್ಪ ಬ್ಯಾಂಕಿಗೆ, ಉಳಿದದ್ದರಲ್ಲಿ ಒಬ್ಬರು ಬಳಸಿ ಬಿಟ್ಟ 29 ಅಡಿ ಉದ್ದದ ಆರ್‌ವಿ. ಅಂದಿನಿಂದ ಅದುವೇ ಅವರ ಮನೆ. ಚಳಿಗಾಲದಲ್ಲಿ ಅರಿಝೋನಾದ ಮರಳುಗಾಡು, ಬೇಸಿಗೆಯಲ್ಲಿ ಉತ್ತರದ ಸರೋವರಗಳು. ಬೇರೆ ಮನೆ ಇಲ್ಲ.

ಉಪ್ಪಿಲ್ಲದ ಕಡಲು

ಜುಲೈ ತಿಂಗಳ ನಡುವಿನಲ್ಲಿ ನಾವು ಹೊರಟೆವು. ರಾಜ್ಯದ ಗಡಿ ದಾಟಿ 31ನೇ ನಂಬರಿನ ಹೆದ್ದಾರಿ ಹಿಡಿದರೆ ಎಡಗಡೆಗೆ ಮಿಷಿಗನ್ ಸರೋವರ ಜೊತೆಗೇ ಬರುತ್ತದೆ. ಸರೋವರ ಎಂದರೆ ನಮ್ಮ ಕಡೆಯ ಕೆರೆಯನ್ನು ನೆನೆಸಬೇಡಿ. ಉದ್ದ 490 ಕಿಲೋಮೀಟರಿನಷ್ಟು, ಅತಿ ಆಳದಲ್ಲಿ 281 ಮೀಟರ್. ಆಚೆ ದಡ ಕಾಣಿಸುವುದಿಲ್ಲ, ಅಲೆ ಬಡಿಯುತ್ತದೆ, ದೀಪಸ್ತಂಭಗಳಿವೆ, ಹಡಗುಗಳು ಮುಳುಗಿವೆ. ಕಾಸರಗೋಡಿನ ಕಡಲ ದಂಡೆಯಲ್ಲಿ ಬೆಳೆದ ನನಗೆ ಮೊದಲ ಸಲ ಕೈಯಲ್ಲಿ ನೀರು ತೆಗೆದು ಬಾಯಿಗೆ ಹಾಕಿದಾಗ ಏನೋ ಮೋಸವಾದಂತೆ ಅನಿಸಿತು. ಕಣ್ಣು ಕಡಲು ಎನ್ನುತ್ತದೆ, ನಾಲಿಗೆ ಬಾವಿ ಎನ್ನುತ್ತದೆ.

ಮೊದಲ ರಾತ್ರಿ ಹಾಲೆಂಡ್ ಎಂಬ ಪಟ್ಟಣದ ಹತ್ತಿರ. ಡಚ್ಚರು ಬಂದು ನೆಲೆಸಿದ ಊರಾದ್ದರಿಂದ ಆ ಹೆಸರು. 1964ರಲ್ಲಿ ನೆದರ್‌ಲ್ಯಾಂಡ್ಸಿನಿಂದ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಳೆಯ ಗಾಳಿಗಿರಣಿಯೊಂದು ಅಲ್ಲಿದೆ. ಟ್ಯುಲಿಪ್ ಹೂವಿನ ಕಾಲ ಮೇ ತಿಂಗಳಿಗೇ ಮುಗಿದಿತ್ತು. ಮರುದಿನ ಲುಡಿಂಗ್ಟನ್. ಇಲ್ಲಿಂದ ಬ್ಯಾಡ್ಜರ್ ಎಂಬ ಹಡಗು ಕಾರುಗಳನ್ನೂ ಜನರನ್ನೂ ತುಂಬಿಕೊಂಡು ಸರೋವರದ ಆಚೆಯ ವಿಸ್ಕಾನ್ಸಿನ್ ರಾಜ್ಯಕ್ಕೆ 4 ಗಂಟೆಯಲ್ಲಿ ದಾಟುತ್ತದೆ. 1952ರಲ್ಲಿ ಕಟ್ಟಿದ ಉಗಿ ಹಡಗು. ಊರಿನ ಉತ್ತರಕ್ಕಿರುವ ಸ್ಟೇಟ್ ಪಾರ್ಕಿನಲ್ಲಿ, ಮರಳು ದಿಬ್ಬಗಳ ಹಿಂದೆ, ನಮ್ಮ ಗಾಡಿಗೆ ಜಾಗ ಸಿಕ್ಕಿತು. ಸೂರ್ಯ ಮುಳುಗಿದ್ದು ರಾತ್ರಿ 9 ಗಂಟೆ 20 ನಿಮಿಷ ದಾಟಿದ ಮೇಲೆ. ಅಷ್ಟು ಹೊತ್ತಿಗೆ ನಮ್ಮಲ್ಲಿ ಊಟ ಮುಗಿದು ಪಾತ್ರೆ ತೊಳೆದಾಗಿರುತ್ತದೆ!

ಮರುದಿನ ಬೆಳಿಗ್ಗೆ ಹೆಂಡತಿ ಬರಿಗಾಲಲ್ಲಿ ಸ್ನಾನದ ಮೂಲೆಯ ಮುಂದೆ ಹಾದು ಹೋಗುವಾಗ ನಿಂತುಬಿಟ್ಟರು. ಹೆಬ್ಬೆರಳಿನಿಂದ ನೆಲವನ್ನು ಒತ್ತಿದರು. "ಇಲ್ಲಿ ಮೆತ್ತಗಿದೆ" ಎಂದರು. ಗಂಡನ ಮುಖದಲ್ಲಿದ್ದ ನಗು ಆರಿದ್ದನ್ನು ನಾನು ಕಂಡೆ.

ಆ ಮಾತಿನ ಭಾರ ತಿಳಿಯಬೇಕಾದರೆ ಈ ಗಾಡಿ ಹೇಗೆ ಕಟ್ಟಲ್ಪಟ್ಟಿದೆ ಎಂದು ತಿಳಿಯಬೇಕು. ಹೊರಗಿನಿಂದ ಹೊಳೆಯುವ ಫೈಬರ್‌ಗ್ಲಾಸ್. ಅದರ ಹಿಂದೆ ಬಿಸ್ಕತ್ತಿನಷ್ಟು ತೆಳ್ಳಗಿನ ಪ್ಲೈವುಡ್, ಬೆಂಡಿನ ಹಾಳೆ, ಎಲ್ಲವನ್ನೂ ಒಟ್ಟಿಗೆ ಹಿಡಿದ ಅಂಟು. ನೆಲವೂ ಪ್ಲೈವುಡ್ಡೇ, ಮೇಲೆ ವಿನೈಲ್ ಹಾಳೆ. ತೂಕ ಹೆಚ್ಚಾದರೆ ಇಂಜಿನ್ ಎಳೆಯುವುದಿಲ್ಲವಾದ್ದರಿಂದ ಎಲ್ಲವೂ ಹಗುರ. ಒಣಗಿರುವ ತನಕ ಗಟ್ಟಿ. ಆದರೆ ಒಳಗೆ ಸೇರಿದ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ; ವಿನೈಲಿನ ಕೆಳಗೆ ಅದು ಕುಳಿತಲ್ಲೇ ಕುಳಿತು ಪ್ಲೈವುಡ್ಡನ್ನು ಪದರ ಪದರವಾಗಿ ಬಿಡಿಸುತ್ತದೆ. ಬೂಷ್ಟು ಹಿಡಿಯುತ್ತದೆ. ಗೋಡೆಗೆ ಏರಿದರೆ ಹೊರಗಿನ ಫೈಬರ್‌ಗ್ಲಾಸ್ ಗುಳ್ಳೆಯೇಳುತ್ತದೆ. ದಾರಿಯಲ್ಲಿ ಅಪಘಾತವಾದರೆ ವಿಮೆಯವರು ಹಣ ಕೊಡುತ್ತಾರೆ. ನಿಧಾನವಾಗಿ ಸೋರಿ ಕೊಳೆತದ್ದಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ಬೇರೆ ಮನೆಯಿಲ್ಲದ ಇಬ್ಬರು ಎಪ್ಪತ್ತರ ಹತ್ತಿರದವರಿಗೆ ಆ ಮೆತ್ತಗಿನ ನೆಲ ಎಂದರೆ ಕಾಲ ಕೆಳಗಿನ ನೆಲವೇ.

ಟ್ಯೂಬು ಮತ್ತು ಪುಸ್ತಕ

ಗಂಡ ಕೂಡಲೇ ಪೆಟ್ಟಿಗೆಯಿಂದ ಸಿಲಿಕೋನ್ ಟ್ಯೂಬು ತೆಗೆದರು. ಸ್ನಾನದ ಮೂಲೆಯ ಸಂದುಗಳಿಗೆಲ್ಲ ಒಂದು ಸುತ್ತು ಬಳಿದರೆ ಆಯಿತು ಎಂಬುದು ಅವರ ಅಭಿಪ್ರಾಯ. ಹೆಂಡತಿ ಟ್ಯೂಬನ್ನು ಕೈಯಿಂದ ತೆಗೆದುಕೊಂಡು ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು. ಎಲ್ಲ ಸಂದನ್ನೂ ಮುಚ್ಚಿದರೆ ನೀರು ಇನ್ನೊಂದು ದಾರಿ ಹುಡುಕೀತು, ಆಮೇಲೆ ಅದು ಎಲ್ಲಿಂದ ಬಂತೆಂದು ಯಾರಿಗೂ ತಿಳಿಯದು ಎಂದರು. ಇಬ್ಬರ ನಡುವೆ ಒಂದಷ್ಟು ಬಿಸಿ ಮಾತು ನಡೆಯಿತು. ನಾನು ಆ ಹೊತ್ತಿಗೆ ದೀಪಸ್ತಂಭ ನೋಡಲು ಹೋಗುವುದು ಒಳ್ಳೆಯದೆಂದು ಹೊರಟೆ.

ಹೆಂಡತಿ ಹೇಳಿದ್ದು ನಮ್ಮ ಬೇಳ, ಕಯ್ಯಾರು ಕಡೆಯ ಹಂಚಿನ ಮನೆಯವರಿಗೆ ಹೊಸ ಮಾತಲ್ಲ. ಆಟಿ ತಿಂಗಳ ಮಳೆಗೆ ಹನಿ ಬೀಳುವುದು ಅಡಿಗೆ ಮನೆಯಲ್ಲಿ, ಒಡೆದ ಹಂಚು ಇರುವುದು ಮೇಲಿನ ನಾಲ್ಕನೇ ಸಾಲಿನಲ್ಲಿ. ನೀರು ರೀಪಿನ ಮೇಲೆ ಹರಿದು, ಪಕ್ಕಾಸು ಹಿಡಿದು ಇಳಿದು, ತನಗೆ ಬೇಕಾದಲ್ಲಿ ಬೀಳುತ್ತದೆ. ಹನಿ ಬೀಳುವಲ್ಲಿ ಪಾತ್ರೆ ಇಡಬಹುದು, ಹಂಚು ಇಡಲಾಗದು. ಆರ್‌ವಿಯಲ್ಲಿ ಇದು ಇನ್ನೂ ಕಷ್ಟ. ಮನೆ ಪ್ರತಿ ರಾತ್ರಿ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತದೆ. ಇವತ್ತು ಸ್ವಲ್ಪ ಎಡಕ್ಕೆ ವಾಲಿದರೆ ನಾಳೆ ಬಲಕ್ಕೆ. ನೀರೂ ಅದರಂತೆ ದಿಕ್ಕು ಬದಲಿಸುತ್ತದೆ.

ನಾನು ಮರಳಿದಾಗ ಒಪ್ಪಂದವಾಗಿತ್ತು. ಹೆಂಡತಿ ಒಂದು ಶಾಲಾ ಪುಸ್ತಕ ತೆಗೆದು ಗೆರೆ ಎಳೆದಿದ್ದರು: ತಾರೀಕು, ಗಾಡಿ ನಿಂತ ಊರು, ಮಳೆ ಬಂತೇ, ಯಾರು ಯಾರು ಒಳಗೆ ಸ್ನಾನ ಮಾಡಿದರು, ನೆಲ ಹೇಗಿದೆ. ಪ್ರಯೋಗಾಲಯದ ಅಭ್ಯಾಸ ನೋಡಿ. ಒಂದು ಸಲಕ್ಕೆ ಒಂದೇ ಪರೀಕ್ಷೆ, ನಡುವೆ ನೆಲ ಒಣಗಬೇಕು, ಬರೆದಿಡದ್ದು ನಡೆದೇ ಇಲ್ಲ ಎಂದು ಲೆಕ್ಕ.

ಇಂಥ ಗಾಡಿಯ ನೀರಿನ ವ್ಯವಸ್ಥೆ ಅರ್ಥವಾಗದಷ್ಟು ಜಟಿಲವಲ್ಲ. ಒಂದು ಟಾಂಕಿಯಲ್ಲಿ ಒಳ್ಳೆಯ ನೀರು. ಇವರದ್ದರಲ್ಲಿ ಸುಮಾರು 150 ಲೀಟರ್ ಹಿಡಿಯುತ್ತದೆ. ಬ್ಯಾಟರಿಯಿಂದ ಓಡುವ 12 ವೋಲ್ಟಿನ ಸಣ್ಣ ಪಂಪು ಆ ನೀರನ್ನು ನಳ್ಳಿಗಳಿಗೆ ದೂಡುತ್ತದೆ. ಕ್ಯಾಂಪಿನಲ್ಲಿ ನಳ್ಳಿ ಇದ್ದರೆ ಹೊರಗಿನಿಂದ ಪೈಪು ಹಾಕಿ ನೇರವಾಗಿಯೂ ತೆಗೆದುಕೊಳ್ಳಬಹುದು, ಆದರೆ ನಡುವೆ ಒತ್ತಡ ತಗ್ಗಿಸುವ ಸಾಧನ ಬೇಕು. ಇಲ್ಲವಾದರೆ ಒಳಗಿನ ಪ್ಲಾಸ್ಟಿಕ್ ಜೋಡಣೆಗಳು ಬಿಟ್ಟುಕೊಂಡಾವು. ಸ್ನಾನದ ಮತ್ತು ಪಾತ್ರೆ ತೊಳೆದ ನೀರಿಗೆ ಒಂದು ಟಾಂಕಿ, ಕಕ್ಕಸಿಗೆ ಬೇರೊಂದು. ಸ್ನಾನದ ನೀರಿನ ಟಾಂಕಿ ತುಂಬಿ ತುಳುಕಿದರೆ ನೀರು ಹಿಂದಕ್ಕೆ ಬರುವುದು ಸ್ನಾನದ ಮೂಲೆಗೇ, ಯಾಕೆಂದರೆ ಎಲ್ಲ ಬಚ್ಚಲುಗಳಲ್ಲಿ ತಗ್ಗಿನಲ್ಲಿರುವುದು ಅದು. ಮೊದಲು ಅದನ್ನೇ ನೋಡಿದರು. ಟಾಂಕಿ ಅರ್ಧವೂ ತುಂಬಿರಲಿಲ್ಲ.

ಎರಡನೆಯದು ಮಳೆ. ಸ್ನಾನದ ಮೂಲೆಯ ನೆತ್ತಿಯಲ್ಲಿ ಪ್ಲಾಸ್ಟಿಕ್ಕಿನ ಒಂದು ಬೆಳಕಿಂಡಿ ಇರುತ್ತದೆ. ಬಿಸಿಲಿಗೆ ಅದರ ಸುತ್ತಲಿನ ಮೇಣ ಬಿರಿದು ಮಳೆ ನೀರು ಗೋಡೆಯೊಳಗಿಂದ ಇಳಿಯುವುದು ಬಹಳ ಸಾಮಾನ್ಯ, ಬೈಗುಳ ಮಾತ್ರ ಕೆಳಗಿನ ನಳ್ಳಿಗೆ! ಆದರೆ ನಾವು ಹೊರಟಂದಿನಿಂದ ಒಂದು ಹನಿ ಮಳೆ ಬಂದಿರಲಿಲ್ಲ.

ಮೂರನೆಯ ಪರೀಕ್ಷೆ ನನಗೆ ತುಂಬಾ ಇಷ್ಟವಾಯಿತು. ಎಲ್ಲ ನಳ್ಳಿಗಳನ್ನು ಮುಚ್ಚಿ ಪಂಪನ್ನು ಮಾತ್ರ ಚಾಲೂ ಇಟ್ಟು ಮಲಗುವುದು. ಪೈಪುಗಳಲ್ಲಿ ಒತ್ತಡ ತುಂಬಿದ ಕೂಡಲೇ ಪಂಪು ತಾನಾಗಿ ನಿಲ್ಲುತ್ತದೆ. ಯಾರೂ ನೀರು ಮುಟ್ಟದೆ ನಡುರಾತ್ರಿ ಅದು 'ಗುರ್' ಎಂದು ಎರಡು ಕ್ಷಣ ಓಡಿದರೆ, ಎಲ್ಲೋ ಒಂದು ಕಡೆ ನೀರು ಹೊರಗೆ ಹೋಗುತ್ತಿದೆ ಎಂದರ್ಥ. ಆ ರಾತ್ರಿ ಮೂವರೂ ಕಿವಿ ನಿಮಿರಿಸಿ ಮಲಗಿದ್ದೆವು. ಅಲೆಯ ಸದ್ದು, ಪೈನ್ ಮರದ ಗಾಳಿಯ ಸದ್ದು, ಗಂಡನ ಗೊರಕೆಯ ಸದ್ದು. ಪಂಪು ಉಸಿರೆತ್ತಲಿಲ್ಲ. ಪೈಪುಗಳು ನಿರಪರಾಧಿಗಳು.

ಪೂರ್ತಿ ಅಲ್ಲ ಎಂದರು ಹೆಂಡತಿ. ನಳ್ಳಿಯ ತಿರುಗಣೆಯಿಂದ ಮೇಲೆ ಶವರಿನ ತಲೆಯವರೆಗಿನ ತುಂಡಿಗೆ ಒತ್ತಡ ಬರುವುದು ನಳ್ಳಿ ತೆರೆದಾಗ ಮಾತ್ರ. ರಾತ್ರಿಯ ಪರೀಕ್ಷೆಗೆ ಅದು ಸಿಕ್ಕಿಲ್ಲ. ಹಾಗಾಗಿ ಬೆಳಿಗ್ಗೆ ಶವರನ್ನು ಬಕೆಟಿನೊಳಗೆ ಹಿಡಿದು, ತಳಕ್ಕೆ ಒಂದು ಹನಿಯೂ ಬೀಳದಂತೆ ನೀರು ಬಿಟ್ಟರು. ಪಕ್ಕದ ಬಟ್ಟೆಯ ಬೀರುವಿನ ಅಡಿಯಲ್ಲಿ ಆರು ಸ್ಕ್ರೂಗಳ ಒಂದು ಹಲಗೆ ಉಂಟು. ಅದನ್ನು ತೆಗೆದರೆ ಪೈಪುಗಳೂ ಬಚ್ಚಲಿನ ತಳವೂ ಕಾಣುತ್ತವೆ. ನನ್ನ ಕೆಲಸ ಟಾರ್ಚು ಹಿಡಿದು ಹೊಟ್ಟೆಯ ಮೇಲೆ ಮಲಗಿ, ಪ್ರತಿ ಜೋಡಣೆಗೂ ಟಿಶ್ಯೂ ಕಾಗದ ಒತ್ತಿ ನೋಡುವುದು. ಕೈಗೆ ತಿಳಿಯದ ತೇವವೂ ಟಿಶ್ಯೂವಿಗೆ ತಿಳಿಯುತ್ತದೆ. ಎಲ್ಲವೂ ಒಣ.

ಮುಂದಿನದು ತಳದ ತಟ್ಟೆ. ಸ್ನಾನಕ್ಕೆ ನಿಲ್ಲುವ ಜಾಗದಲ್ಲಿ ನಮ್ಮಲ್ಲಿಯಂತೆ ಸಿಮೆಂಟ್, ಕಲ್ಲು ಇರುವುದಿಲ್ಲ. ಪ್ಲಾಸ್ಟಿಕ್ಕಿನ ದೊಡ್ಡ ತಟ್ಟೆಯೊಂದನ್ನು ಕೂರಿಸಿರುತ್ತಾರೆ. ಕೂದಲೆಳೆಯ ಬಿರುಕು ಬಿಟ್ಟರೂ ಸಾಕು. ಹೊರಗೆ ಹೋಗುವ ತೂತಿಗೆ ರಬ್ಬರ್ ಬಿರಡೆ ಹಾಕಿ, ಮೂರು ಬೆರಳು ನೀರು ನಿಲ್ಲಿಸಿ, ಕೇಕಿಗೆ ಹಾಕುವ ನೀಲಿ ಬಣ್ಣ ಬೆರೆಸಿ, ನೀರಿನ ಮಟ್ಟಕ್ಕೆ ಅಂಟುಪಟ್ಟಿಯ ಗುರುತು ಹಾಕಿ ಎರಡು ಗಂಟೆ ಕಾದೆವು. ಮಟ್ಟ ಇಳಿಯಲಿಲ್ಲ. ಬಿರಡೆ ತೆಗೆದು ನೀರನ್ನು ಒಮ್ಮೆಲೇ ಬಿಟ್ಟಾಗ ಕೆಳಗಿನ ಬಾಗುಪೈಪಿನಲ್ಲೂ ನೀಲಿ ಕಲೆಯಿಲ್ಲ.

ಉಳಿದದ್ದು ಬಾಗಿಲು. ಗಾಜಿನ ಬಾಗಿಲಿನ ಕೆಳಗಿನ ಅಲ್ಯೂಮಿನಿಯಂ ದಂಡೆಯಲ್ಲಿ ಒಳಮುಖವಾಗಿ ಸಣ್ಣ ತೂತುಗಳಿರುತ್ತವೆ, ದಂಡೆಯೊಳಗೆ ಸೇರಿದ ನೀರು ಮತ್ತೆ ತಟ್ಟೆಗೇ ಹರಿಯಲೆಂದು. ಹಿಂದಿನ ಯಾರೋ ಪುಣ್ಯಾತ್ಮರು ಆ ತೂತುಗಳನ್ನೇ ಸಿಲಿಕೋನ್ ಬಳಿದು ಮುಚ್ಚಿದ್ದರು. ಮೇಣ ಹಾಕಬೇಕಾದ್ದು ಹೊರಬದಿಗೆ, ಒಳಬದಿ ತೆರೆದಿರಬೇಕು. ಬಾಗಿಲಿಗೆ ನೀರು ಚಿಮ್ಮಿಸಿದಾಗ ಮೂಲೆಯಿಂದ ನಾಲ್ಕು ಹನಿ ಹೊರಗೆ ಬಂತು. "ಸಿಕ್ಕಿಬಿದ್ದ!" ಎಂದು ಗಂಡ ಕೂಗಿದ ರಭಸಕ್ಕೆ ಪಕ್ಕದ ಟೆಂಟಿನ ನಾಯಿ ಬೊಗಳಿತು. ಹಳೆಯ ಮೇಣ ಕೆರೆದು, ತೂತು ಬಿಡಿಸಿ, ಹೊರಬದಿಗೆ ಹೊಸದಾಗಿ ಬಳಿದರು. ಬೀರುವಿನಿಂದ ಟ್ಯೂಬು ಹೊರಬಂದ ಸಂತೋಷ ಅವರ ಮುಖದಲ್ಲಿ ನೋಡಬೇಕಿತ್ತು.

ಕರಡಿಯ ದಿಬ್ಬ

ಅಲ್ಲಿಂದ ಉತ್ತರಕ್ಕೆ ಸ್ಲೀಪಿಂಗ್ ಬೇರ್ ಎಂಬ ಮರಳು ದಿಬ್ಬಗಳ ನಾಡು. 1970ರಿಂದ ರಾಷ್ಟ್ರೀಯ ಸಂರಕ್ಷಿತ ತೀರ. ಹಿಮಯುಗದ ನೀರ್ಗಲ್ಲುಗಳು ಬಿಟ್ಟುಹೋದ ಮಣ್ಣಿನ ಮೇಲೆ ಗಾಳಿ ಮರಳನ್ನು ಪೇರಿಸಿ, ಸರೋವರದ ಮಟ್ಟದಿಂದ ಸುಮಾರು 137 ಮೀಟರ್ ಎತ್ತರದ ಕಡಿದಾದ ದಂಡೆ ಅಲ್ಲಿ ಎದ್ದಿದೆ. ಕೆಳಗೆ ನೋಡಿದರೆ ನೀರು ಮೊದಲು ಹಸಿರು, ಆಮೇಲೆ ನೀಲಿ, ಆಮೇಲೆ ಕಪ್ಪು. ಈ ನಾಡಿನ ಮೂಲನಿವಾಸಿಗಳಾದ ಅನಿಷಿನಾಬೆ ಜನರ ಕತೆಯೊಂದಿದೆ. ಆಚೆ ದಡದಲ್ಲಿ ಕಾಡ್ಗಿಚ್ಚು ಹಬ್ಬಿದಾಗ ತಾಯಿ ಕರಡಿಯೊಂದು ಎರಡು ಮರಿಗಳೊಂದಿಗೆ ನೀರಿಗೆ ಹಾರಿ ಈಜಿತಂತೆ. ತಾಯಿ ದಡ ಸೇರಿತು. ಮರಿಗಳು ದಡಕ್ಕೆ ಸ್ವಲ್ಪವೇ ದೂರದಲ್ಲಿ ಮುಳುಗಿದವು. ತಾಯಿ ಅಲ್ಲೇ ಕಾಯುತ್ತಾ ಮಲಗಿ ದಿಬ್ಬವಾಯಿತು, ಮರಿಗಳು ಉತ್ತರ, ದಕ್ಷಿಣ ಮ್ಯಾನಿಟೂ ಎಂಬ ಎರಡು ದ್ವೀಪಗಳಾದವು. ದ್ವೀಪಗಳು ಇಂದಿಗೂ ಇವೆ. ಕರಡಿಯಂತೆ ಕಾಣುತ್ತಿದ್ದ ದಿಬ್ಬವನ್ನು ಮಾತ್ರ ಗಾಳಿಯೂ ಅಲೆಯೂ ಕೊರೆದು ಬಹಳ ಮಟ್ಟಿಗೆ ಕರಗಿಸಿವೆ.

ಎರಡು ದಿನ ಅಲ್ಲಿದ್ದೆವು. ನೆಲ ಒಣಗಿತು, ಒಣಗಿಯೇ ಇತ್ತು. ಪುಸ್ತಕದಲ್ಲಿ ಎರಡು ಸಾಲು 'ಒಣ' ಎಂದು ಬಿತ್ತು. ಗಂಡ ಮೂರನೆಯ ದಿನ ಸ್ಟಿಯರಿಂಗ್ ಹಿಡಿದು ಹಾಡು ಹೇಳುತ್ತಾ ಟ್ರಾವರ್ಸ್ ಸಿಟಿಗೆ ಹೊರಟರು. ದಾರಿಯ ಎರಡೂ ಬದಿ ಚೆರಿ ತೋಟಗಳು. ಹಣ್ಣು ಕೊಯ್ಲಿನ ಕಾಲ. ಮರದ ಕಾಂಡವನ್ನು ಯಂತ್ರ ಹಿಡಿದು ಗಡಗಡನೆ ಅಲುಗಿಸಿದರೆ ಕೆಂಪು ಮಳೆಯಂತೆ ಹಣ್ಣುಗಳೆಲ್ಲ ಕೆಳಗಿನ ಹಾಸಿಗೆ ಬೀಳುತ್ತವೆ. ಪಟ್ಟಣದ ಹೊರಗಿನ ಒಂದು ಖಾಸಗಿ ಕ್ಯಾಂಪಿನಲ್ಲಿ ಇಳಿದೆವು. ಮರುದಿನ ಬೆಳಿಗ್ಗೆ ನೆಲ ಮತ್ತೆ ಒದ್ದೆ.

ಗಂಡ ಏನೂ ಮಾತಾಡಲಿಲ್ಲ. ಹೊರಗೆ ಕುರ್ಚಿ ಹಾಕಿ ಬಹಳ ಹೊತ್ತು ಕುಳಿತರು. ಮಗಳ ಮನೆಯ ಕೆಳಮಹಡಿಯ ಕೋಣೆ ಖಾಲಿಯಿದೆ, ಈ ಚಳಿಗಾಲಕ್ಕೆ ಅಲ್ಲಿಗೆ ಹೋಗುವುದೇ ಸರಿ, ಗಾಡಿಯನ್ನು ಸಿಕ್ಕಿದ ಬೆಲೆಗೆ ಕೊಡೋಣ ಎಂದು ಕೊನೆಗೆ ಹೇಳಿದರು. ಹೇಳಿದ್ದು ನನ್ನೊಂದಿಗೆ, ಹೆಂಡತಿಗೆ ಹೇಳಲು ಧೈರ್ಯ ಬರಲಿಲ್ಲವೋ ಏನೋ.

ಒಳಗೆ ಹೆಂಡತಿ ಪುಸ್ತಕ ಬಿಡಿಸಿಕೊಂಡಿದ್ದರು. ನೆಲ ಒಣಗಿದ್ದ ಎರಡು ದಿನಗಳ ಸಾಲಿನಲ್ಲಿ 'ಒಳಗೆ ಸ್ನಾನ' ಎಂಬಲ್ಲಿ ಅವರ ಹೆಸರೂ ನನ್ನ ಹೆಸರೂ ಇತ್ತು. ಗಂಡನ ಹೆಸರಿರಲಿಲ್ಲ. ಸ್ಲೀಪಿಂಗ್ ಬೇರ್‌ನಲ್ಲಿ ಸಾರ್ವಜನಿಕ ಸ್ನಾನಗೃಹವಿತ್ತು. ಅಲ್ಲಿ ಕೈಕಾಲು ಆಡಿಸಲು ಜಾಗ ಹೆಚ್ಚೆಂದು ಅವರು ಅಲ್ಲಿಗೇ ಹೋಗಿದ್ದರು. ಒದ್ದೆಯಾದ ಪ್ರತಿ ದಿನದ ಸಾಲಿನಲ್ಲೂ ಅವರ ಹೆಸರಿತ್ತು. ನನ್ನ ಹೆಸರು ಮಾತ್ರ ಎರಡೂ ಬಗೆಯ ದಿನಗಳಲ್ಲಿದ್ದು, ಪಕ್ಕದಲ್ಲಿ ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆ ಇತ್ತು. ನಾನು 62 ಕಿಲೋ.

"ಇವರು ನೀರು ಚೆಲ್ಲಾಡುತ್ತಾರೆ ಎಂದುಕೊಂಡಿದ್ದೆ" ಎಂದರು ಆಕೆ. ಆಮೇಲೆ ತಟ್ಟೆಯನ್ನು ಕೈಯಿಂದ ಒತ್ತಿದರು. ಇನ್ನಷ್ಟು ಬಲ ಹಾಕಿ ಒತ್ತಿದರು. ಗಂಡನನ್ನು ಕರೆದರು.

ಲುಡಿಂಗ್ಟನ್ನಿನ ಪರೀಕ್ಷೆಯನ್ನೇ ಮತ್ತೆ ಮಾಡಿದೆವು: ಬಿರಡೆ, ಮೂರು ಬೆರಳು ನೀರು, ನೀಲಿ ಬಣ್ಣ. ನಾನು ಬೀರುವಿನ ಅಡಿಯಲ್ಲಿ ಟಾರ್ಚು ಹಿಡಿದು ಮಲಗಿದೆ. ಒಣ. ಹೆಂಡತಿ ನೀರಿನಲ್ಲಿ ನಿಂತರು. ಒಣ. ಅವರು ಇಳಿದು ಗಂಡ ಪ್ಯಾಂಟು ಮಡಚಿ ಹತ್ತಿ ನಿಂತರು. ಟಾರ್ಚಿನ ಬೆಳಕಿನಲ್ಲಿ ತಟ್ಟೆಯ ನಡುಭಾಗ ಒಂದು ಬೆರಳಿನ ದಪ್ಪದಷ್ಟು ಕೆಳಗೆ ಬಗ್ಗಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಬಚ್ಚಲ ತೂತಿನ ಸುತ್ತಲಿನ ಉಂಗುರದ ಒಂದು ಬದಿ ಬಾಯಿ ಬಿಟ್ಟಿತು. ಒಂದು ನೀಲಿ ಹನಿ ಮೂಡಿ, ದುಂಡಗಾಗಿ, ಉದುರಿತು. ಅವರು ಕಾಲು ಬದಲಿಸಿದಾಗ ಮತ್ತೊಂದು. ಇಳಿದರು, ಉಂಗುರ ಮುಚ್ಚಿಕೊಂಡಿತು, ಹನಿ ನಿಂತಿತು.

ಕಾರಣ ಸರಳ. ತಟ್ಟೆಯ ಅಡಿಯಲ್ಲಿ ಅದನ್ನು ಹೊರಲು ಏನೂ ಇರಲಿಲ್ಲ. ನಾಲ್ಕು ಅಂಚುಗಳು ಮಾತ್ರ ಚೌಕಟ್ಟಿನ ಮೇಲೆ ಕುಳಿತಿದ್ದವು, ನಡುವೆ ಟೊಳ್ಳು. ಭಾರದ ಮನುಷ್ಯ ನಿಂತಾಗಲೆಲ್ಲ ತಟ್ಟೆ ಬಗ್ಗುತ್ತಿತ್ತು, ತೂತಿನ ಉಂಗುರವೋ ಕೆಳಗಿನ ಪೈಪಿಗೆ ಬಿಗಿದಿದ್ದರಿಂದ ಬಗ್ಗುತ್ತಿರಲಿಲ್ಲ. ವರ್ಷಗಟ್ಟಲೆ ಹೀಗೆ ನಡೆದು, ಜೊತೆಗೆ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಮನೆಯೇ ಕುಲುಕುವುದರಿಂದ, ನಡುವಿನ ಮೇಣ ಹರಿದು ಹೋಗಿತ್ತು. ನೀರು ಮಾತ್ರ ನಿಂತಾಗ ಅದರ ಭಾರಕ್ಕೆ ಏನೂ ಆಗುತ್ತಿರಲಿಲ್ಲ.

ದುರಸ್ತಿಗೆ ಬೇಕಾದ್ದನ್ನು ಪಟ್ಟಣದ ಹಾರ್ಡ್‌ವೇರ್ ಅಂಗಡಿಯಿಂದ ತಂದರು. ಹಳೆಯ ಉಂಗುರ ತೆಗೆದು, ಎರಡೂ ಮೈ ಒರೆಸಿ ಒಣಗಿಸಿ, ಹೊಸ ರಬ್ಬರ್ ಬಳೆಯೊಂದಿಗೆ ಸಿಲಿಕೋನ್ ಹಾಕಿ ಕೂರಿಸಿದರು. ಕೆಲವು ಬಗೆಯ ಪ್ಲಾಸ್ಟಿಕ್ಕಿಗೆ ಪ್ಲಂಬರುಗಳ ಎಣ್ಣೆಯ ಪುಟ್ಟಿ ಆಗುವುದಿಲ್ಲವಂತೆ, ಬಿರುಕು ಬಿಡುತ್ತದೆ. ಮುಖ್ಯ ಕೆಲಸ ಅಡಿಯ ಆಧಾರ. ಉಬ್ಬುವ ನೊರೆಯನ್ನು ಒಳಗೆ ಊದಿದರೆ ಬೇಗ ಮುಗಿಯುತ್ತದೆ ಎಂದು ಪಕ್ಕದ ಗಾಡಿಯವರು ಸಲಹೆ ಕೊಟ್ಟರು. ಅದು ಅತಿಯಾಗಿ ಉಬ್ಬಿದರೆ ತಟ್ಟೆಯನ್ನೇ ಮೇಲೆತ್ತಿ, ನೀರು ತೂತಿನ ಕಡೆಗೆ ಹರಿಯದಂತೆ ಮಾಡೀತೆಂದು ಗಂಡ ಒಪ್ಪಲಿಲ್ಲ. ಬೀರು ಕೂರಿಸಿದ ಕೈ. ಪ್ಲೈವುಡ್ ತುಂಡುಗಳನ್ನು ಅಳತೆಗೆ ಕೊಯ್ದು, ಮೇಲೆ ರಬ್ಬರ್ ಹಾಳೆ ಅಂಟಿಸಿ, ಒಂದೊಂದನ್ನೇ ಒಳಗೆ ಸರಿಸಿ, ತಟ್ಟೆಗೆ ತಾಗುವಷ್ಟು ಮಾತ್ರ ಬಿಗಿ ಮಾಡಿದರು. 24 ಗಂಟೆ ಯಾರಿಗೂ ಒಳಗೆ ಸ್ನಾನವಿಲ್ಲ.

ಇದರ ನಡುವೆ ಕ್ಯಾಂಪಿನ ನೆರೆಹೊರೆಯವರ ಮೆರವಣಿಗೆ. ಒಬ್ಬರು ನೀರು ಹೀರುವ ವ್ಯಾಕ್ಯೂಮ್ ತಂದರು, ಇನ್ನೊಬ್ಬರು ಎರಡು ಫ್ಯಾನು. ಓಹಾಯೊದ ಒಬ್ಬ ಅಜ್ಜಿ ಮರದ ತೇವ ಅಳೆಯುವ ಸೂಜಿಯಂತ್ರ ಕೊಟ್ಟು, ಜೊತೆಗೆ ಚೆರಿ ಹಣ್ಣಿನ ಪೈ ಒಂದನ್ನೂ ಇಟ್ಟು ಹೋದರು. ಹೆಸರು ಕೇಳುವ ಮೊದಲು ಉಪಕರಣ ಕೊಡುವ ಜನ. ಆ ಸೂಜಿಯಂತ್ರ ಮೊದಲ ದಿನ ನೆಲದಲ್ಲಿ 34 ಶೇಕಡಾ ತೋರಿಸಿತು. 20ಕ್ಕಿಂತ ಕೆಳಗಿದ್ದರೆ ಮರ ಕೊಳೆಯದು ಎಂಬುದು ಬಡಗಿಗಳ ಲೆಕ್ಕ. ವಿನೈಲಿನ ಅಂಚು ಎತ್ತಿ ಫ್ಯಾನು ಹಿಡಿದ ಮೇಲೆ ಎರಡನೆಯ ದಿನ 27, ಮೂರನೆಯ ದಿನ 19. ದಬ್ಬಳದಿಂದ ಚುಚ್ಚಿ ಚುಚ್ಚಿ ಕೊಳೆತ ಭಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದರು. ಗೇಣು ಲೆಕ್ಕದಲ್ಲಿ ಎರಡೂವರೆ ಗೇಣು ಉದ್ದ, ಎರಡು ಗೇಣು ಅಗಲ. ಗೆರೆಯ ಹೊರಗೆ ದಬ್ಬಳ ಇಳಿಯಲಿಲ್ಲ. ಗೆರೆ ಎಳೆದು ಮುಗಿಸಿದ ಗಂಡ ಹೆಂಡತಿಯ ಕಡೆ ನೋಡಿದರು, ಆಕೆ ಪುಸ್ತಕದಲ್ಲಿ ಅಳತೆ ಬರೆದುಕೊಂಡರು. ಮಗಳ ಮನೆಯ ಕೆಳಕೋಣೆಯ ಮಾತು ಮತ್ತೆ ಬರಲಿಲ್ಲ.

ಹನ್ನೊಂದನೆಯ ದಿನ ಮ್ಯಾಕಿನಾ ಸೇತುವೆ. ಮಿಷಿಗನ್ ರಾಜ್ಯದ ಎರಡು ತುಂಡುಗಳನ್ನು ಜೋಡಿಸುವ ಈ ಸೇತುವೆ 1957ರ ನವೆಂಬರ್ 1ರಂದು ತೆರೆಯಿತು. ಉದ್ದ ಸುಮಾರು 8 ಕಿಲೋಮೀಟರ್. ಅದಕ್ಕೆ ಮೊದಲು ಕಾರುಗಳು ಹಡಗಿಗಾಗಿ ಸಾಲು ನಿಲ್ಲುತ್ತಿದ್ದವು. ಗಾಳಿ ಜೋರಿದ್ದರೆ ನಮ್ಮಂಥ ಎತ್ತರದ ಗಾಡಿಗಳನ್ನು ಬೆಂಗಾವಲಿನೊಂದಿಗೆ ದಾಟಿಸುತ್ತಾರೆ. ಅಂದು ಗಾಳಿ ಇರಲಿಲ್ಲ. ಒಳಗಿನ ಪಥದಲ್ಲಿ ಡಾಂಬರಿನ ಬದಲು ಉಕ್ಕಿನ ಜಾಲರಿ. ಕಿಟಕಿಯಿಂದ ಇಣುಕಿದರೆ ಬಹಳ ಕೆಳಗೆ ನೀರು ಹೊಳೆಯುತ್ತದೆ, ಚಕ್ರ ಜೇನುಹುಳದಂತೆ ಗುಂಯ್‌ಗುಡುತ್ತದೆ, ಇಡೀ ಗಾಡಿ ಸಣ್ಣಗೆ ನಡುಗುತ್ತದೆ. ನಾನು ನೀರು ನೋಡುತ್ತಿದ್ದೆ. ಹೆಂಡತಿ ಸೀಟಿನಿಂದ ತಿರುಗಿ ಸ್ನಾನದ ಮೂಲೆಯ ನೆಲ ನೋಡುತ್ತಿದ್ದರು. ಆ ದಿನ ಬೆಳಿಗ್ಗೆ ಗಂಡ ಒಳಗೇ ಸ್ನಾನ ಮಾಡಿದ್ದರು, ಹೆಂಡತಿಯ ಆಜ್ಞೆಯಂತೆ ಒಂದೇ ಕಡೆ ನಿಲ್ಲದೆ ನಾಲ್ಕೂ ಮೂಲೆಗೆ ಕಾಲಿಟ್ಟು.

ನಾನು ಊರಿಗೆ ಮರಳಿದ ಮೇಲೆ, ಆಗಸ್ಟ್ ತಿಂಗಳಲ್ಲಿ, ಗೋಷೆನ್ ಎಂಬಲ್ಲಿನ ಗೆಳೆಯರ ಶೆಡ್ಡಿನಲ್ಲಿ ಗಾಡಿ ನಿಲ್ಲಿಸಿ ನೆಲ ಕೊಯ್ದರಂತೆ. ಫೋಟೋ ಕಳುಹಿಸಿದ್ದರು. ಕೊಳೆತ ತುಂಡು ಸೀಮೆಸುಣ್ಣದ ಗೆರೆಗಿಂತ ನಾಲ್ಕು ಬೆರಳು ಹೆಚ್ಚು ಹೋಗಿತ್ತು, ಅಡಿಯ ಅಡ್ಡಪಟ್ಟಿಗಳು ಗಟ್ಟಿಯಾಗಿದ್ದವು. ಹೊಸ ಪ್ಲೈವುಡ್ಡಿಗೆ ಕೆಳಗೂ ಮೇಲೂ ಎರಡು ಸಲ ಬಣ್ಣ ಬಳಿದು ಕೂರಿಸಿದ್ದಾರೆ. ಬೀರುವಿನ ಅಡಿಯ ಹಲಗೆಗೆ ಸ್ಕ್ರೂಗಳ ಬದಲು ಈಗ ಅಯಸ್ಕಾಂತ. ಬೇಕೆಂದಾಗ ತೆಗೆದು ಟಿಶ್ಯೂ ಒತ್ತಿ ನೋಡಬಹುದು. ಅಕ್ಟೋಬರ್ ಮೊದಲ ವಾರ ಅವರು ಅರಿಝೋನಾದ ದಾರಿ ಹಿಡಿದರು.